ಎಳೆದು ಹಾಡುವ ಕ್ಯಾಸೆಟ್, ಬದಲಾಗದ ಅಕ್ಷರ

ಹಳೆಯ ಕಾರಿನ ಸ್ಟೀರಿಯೋಗೆ ಭಕ್ತಿಗೀತೆಯ ಕ್ಯಾಸೆಟ್ ಹಾಕಿದಾಗ ಗಾಯಕಿಯ ದನಿ ದಪ್ಪಗಾಗಿ ಎಳೆದೆಳೆದು ಬರತೊಡಗಿದರೆ, ಬಲ್ಲ ಮೆಕ್ಯಾನಿಕ್ ತಕ್ಷಣ ಸ್ಕ್ರೂ ಬಿಚ್ಚುವುದಿಲ್ಲ. ಮೊದಲು ರೇಡಿಯೋ ಹಾಕುತ್ತಾನೆ. ಅದು ಚೆನ್ನಾಗಿ ಹಾಡಿದರೆ ಆಂಪ್ಲಿಫೈಯರ್, ಸ್ಪೀಕರ್ ಎರಡರದ್ದೂ ತಪ್ಪಿಲ್ಲ. ಬೇರೆ ಕ್ಯಾಸೆಟ್ ತುರುಕಿದಾಗಲೂ ದನಿ ಎಳೆದರೆ ಮೊದಲನೆಯದರ ಮೇಲಿನ ಗುಮಾನಿಯೂ ಹೋಯಿತು. ಉಳಿದದ್ದು ಟೇಪನ್ನು ಓಡಿಸುವ ಭಾಗ. ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ ಎಂದು ಕಾರಣ ಹಿಡಿಯುವ ಈ ದಾರಿಯನ್ನು ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕ ಎಂದು ಕರೆದರು. ಒಂದೊಂದನ್ನೇ ಬದಿಗೆ ಸರಿಸಿ ಕೊನೆಗೆ ಉಳಿದದ್ದಕ್ಕೆ ಬೊಟ್ಟು ಮಾಡುವುದಕ್ಕೆ ಪರಿಶೇಷ ಎಂದರು.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮೋಟರಿನ ತಿರುಗು ರಬ್ಬರ್ ಬೆಲ್ಟಿನ ಮೂಲಕ ಕ್ಯಾಪ್‌ಸ್ಟನ್ ಎಂಬ ತೆಳು ಕಡ್ಡಿಗೆ ಬರುತ್ತದೆ. ಕಡ್ಡಿಗೂ ರಬ್ಬರ್ ರೋಲರಿಗೂ ನಡುವೆ ಸಿಕ್ಕಿಕೊಂಡ ಟೇಪು ಮುಂದಕ್ಕೆ ಸರಿಯುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ಬೆಲ್ಟು ಸಡಿಲವಾಗಿ ಜಾರುತ್ತದೆ. ಕೆಲವೊಮ್ಮೆ ಕರಗಿ ಡಾಂಬರಿನಂತಾಗಿ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಸ್ಪಿರಿಟ್ ಹಚ್ಚಿ ಉಜ್ಜಿದರೂ ಸುಲಭಕ್ಕೆ ಬಿಡುವುದಿಲ್ಲ.

ರಿಪೇರಿಗೆ ಇಷ್ಟು ಸಾಕು. ಆದರೆ ಆ ಎಳೆಯುವ ದನಿಯಲ್ಲಿ ಗಮನಿಸಲೇಬೇಕಾದ ಒಂದು ಸಂಗತಿ ಇದೆ. ಶ್ರುತಿ ಇಳಿದಿದೆ, ಲಯ ಕೆಟ್ಟಿದೆ, ಹಾಡುತ್ತಿರುವುದು ಯಾರೆಂದೇ ಗುರುತು ಸಿಗುತ್ತಿಲ್ಲ. ಆದರೂ ‘ಕ’ ಎಂಬುದು ‘ಕ’ ಎಂದೇ ಕೇಳುತ್ತದೆ. ಹಾಳಾದದ್ದು ಯಾವುದು, ಉಳಿದದ್ದು ಯಾವುದು?

‘ವಾಕ್ಯಪದೀಯ’ ಬರೆದ ಭರ್ತೃಹರಿ ಈ ಗೆರೆಯನ್ನು ಬಹು ಹಿಂದೆಯೇ ಎಳೆದಿದ್ದ. ಬೇಗ ಹೇಳಿದರೂ ನಿಧಾನಕ್ಕೆ ಹೇಳಿದರೂ ಆ ವ್ಯತ್ಯಾಸ ಧ್ವನಿಯದ್ದು, ಧ್ವನಿ ತೋರಿಸಿಕೊಡುವ ಸ್ಫೋಟಕ್ಕೆ, ಅಂದರೆ ಅರ್ಥ ಹೊತ್ತ ಅಖಂಡ ಶಬ್ದಕ್ಕೆ, ಆ ವ್ಯತ್ಯಾಸ ತಟ್ಟುವುದಿಲ್ಲ ಎಂಬುದು ಅವನ ನಿಲುವು. ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಕರು ಸ್ಫೋಟವನ್ನು ಒಪ್ಪಲಿಲ್ಲ; ‘ಕ’ದಂಥ ಒಂದೊಂದು ವರ್ಣವೇ ನಿತ್ಯ ಎಂದರು. ಉಚ್ಚಾರಣೆ ವರ್ಣವನ್ನು ಹುಟ್ಟಿಸುವುದಿಲ್ಲ, ಪ್ರಕಟಿಸುತ್ತದೆ. ಕೇಳಿಸಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ಇದು ಬರೀ ವ್ಯಾಕರಣದ ಜಗಳವಾಗಿರಲಿಲ್ಲ. ಶಬ್ದ ನಿತ್ಯವಾದರೆ ಮಾತ್ರ ವೇದಕ್ಕೆ ಕರ್ತೃವಿಲ್ಲ ಎಂಬ ಅವರ ನಂಬಿಕೆ ನಿಲ್ಲುತ್ತಿತ್ತು. ನ್ಯಾಯ ದರ್ಶನದ ತಾರ್ಕಿಕರಾದ ನೈಯಾಯಿಕರಿಗೆ ಶಬ್ದ ಹುಟ್ಟಿ ಸಾಯುವಂಥದ್ದು, ಆಕಾಶದ ಗುಣ, ನೀರಿನ ಅಲೆಯಂತೆ ಒಂದರಿಂದ ಇನ್ನೊಂದು ಹುಟ್ಟುತ್ತ ಕಿವಿ ಸೇರುವಂಥದ್ದು. ವೇದವೂ ಅವರಿಗೆ ಈಶ್ವರನ ಮಾತು. ಆಡಿದವನು ನಂಬಿಕಸ್ಥನಾದ್ದರಿಂದಲೇ ಅದು ಪ್ರಮಾಣ.

ಕ್ಯಾಸೆಟ್ಟು ಮೇಲುನೋಟಕ್ಕೆ ಮೀಮಾಂಸಕರ ಸಾಕ್ಷಿ: ಹಾಡು ಒಳಗೇ ಇದೆ, ಪ್ಲೇಯರ್ ಕೆಟ್ಟಿದೆ, ಅಷ್ಟೇ. ಆದರೆ ಟೇಪನ್ನು ಹೊರಗೆಳೆದು ನೋಡಿದರೆ ಸಿಗುವುದು ಕಂದು ಬಣ್ಣದ ಐರನ್ ಆಕ್ಸೈಡ್ ಲೇಪ, ಅದರ ಕಣಗಳ ಕಾಂತೀಯ ಜೋಡಣೆ. ದನಿ ಅಲ್ಲೆಲ್ಲೂ ಇಲ್ಲ. ಇರುವುದು ದನಿ ಬಿಟ್ಟುಹೋದ ಸಂಸ್ಕಾರ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೂ ಅಂಟುವುದುಂಟು. ಹಾಡು ಶುರುವಾಗುವ ಮುನ್ನ ಅದರದೇ ಕ್ಷೀಣ ನೆರಳು ಕೇಳುವುದು ಅದರಿಂದಲೇ. ನುಡಿಸಿದ ಪ್ರತಿ ಸಲವೂ ಲೇಪ ತುಸು ಸವೆಯುತ್ತದೆ, ಟೇಪನ್ನು ಓದುವ ಹೆಡ್ಡಿನ ಮೇಲೆ ಕಂದು ಪುಡಿ ಕೂರುತ್ತದೆ. ನಿತ್ಯವಾದದ್ದು ಹೀಗೆ ಹತ್ತಿಯಲ್ಲಿ ಒರೆಸಿ ತೆಗೆಯುವಂತಿರುವುದಿಲ್ಲ. ತೀರಿಹೋದ ಗಾಯಕಿಯ ದನಿ ಕಾರಿನೊಳಗೆ ಪ್ರತಿ ಬಾರಿಯೂ ಹೊಸದಾಗಿ ಹುಟ್ಟುತ್ತದೆ ಎಂದೇ ಹೇಳಬೇಕಾಗುತ್ತದೆ. ಇಷ್ಟರ ಮಟ್ಟಿಗೆ ನ್ಯಾಯದವರ ಮಾತು ಸರಿ. ಮೀಮಾಂಸಕರು ನಿತ್ಯವೆಂದದ್ದು ವರ್ಣವನ್ನೇ ಹೊರತು ಯಾರದೋ ಕಂಠವನ್ನಲ್ಲ ಎಂಬುದನ್ನೂ ಮರೆಯಬಾರದು. ಆ ‘ಕ’ದ ಪ್ರಶ್ನೆ ಹಾಗೇ ಉಳಿಯುತ್ತದೆ.

ಹೊಸ ಬೆಲ್ಟು ಹಾಕಿದ ಮೇಲೆ ವೇಗ ಹೊಂದಿಸಬೇಕು. ಹಲವು ಮೋಟರುಗಳ ಹಿಂಬದಿಯಲ್ಲಿ ಸಣ್ಣ ತೂತು, ಅದರೊಳಗೊಂದು ತಿರುಪು. ಅಳತೆಗೆಂದೇ ಮಾಡಿದ ಟೆಸ್ಟ್ ಕ್ಯಾಸೆಟ್ ಕೈಯಲ್ಲಿಲ್ಲದವನು ತನಗೆ ಬಾಯಿಪಾಠವಾದ ಹಾಡೊಂದನ್ನು ಹಾಕಿ, ಚಿಕ್ಕ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸುತ್ತಾನೆ. ಹೆಚ್ಚಾಯಿತು, ದನಿ ಚೀರಿತು. ಕಡಿಮೆಯಾಯಿತು. ಮತ್ತೆ ಕೊಂಚ. ಒಂದು ಕಡೆ ಅವನ ಕೈ ನಿಲ್ಲುತ್ತದೆ: ‘ಹಾಂ, ಇದೇ.’ ಮುಂದಿರುವುದನ್ನು ನೆನಪಿನೊಡನೆ ಕೂಡಿಸಿ ‘ಅದೇ ಇದು’ ಎನ್ನುವ ಆ ಗುರುತನ್ನು ಶಾಸ್ತ್ರಗಳು ಪ್ರತ್ಯಭಿಜ್ಞೆ ಎನ್ನುತ್ತವೆ. ಮೀಮಾಂಸಕರು ಶಬ್ದನಿತ್ಯತೆಗೆ ಕೊಟ್ಟ ದೊಡ್ಡ ಆಧಾರವೂ ಅದೇ. ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾದರೂ ‘ಅದೇ ದೀಪ’ ಎನ್ನುತ್ತೇವಲ್ಲ ಎಂಬುದು ಅದಕ್ಕೆ ನೈಯಾಯಿಕರು ಕೊಟ್ಟ ಉತ್ತರ.