ಕ್ರಯಕ್ಕೆ ಮುಂಚಿನ ಕಡೇ ನೋಟ

ನಮ್ಮಂಥ ಗ್ರಾಮದವನೊಬ್ಬನು ಅನೇಕ ವರುಷ ಕೂಡಿಸಿದ ಹಣದಿಂದ ಒಂದು ಮನೆಯನ್ನು ಕೊಂಡುಕೊಳ್ಳಲು ಒಪ್ಪಿ, ಮುಂಗಡವನ್ನೂ ಕೊಟ್ಟಿದ್ದಾನೆಂದು ಭಾವಿಸೋಣ. ನಾಳೆ ನೋಂದಣಿ. ಮನೆಯನ್ನು ಇನ್ನೊಂದಾವರ್ತಿ ನೋಡಿ ಬರುತ್ತೇನೆಂದು ಅವನು ಹೊರಟಾಗ ನೆರೆಯವನು, “ಮಾರುವವನು ನಮ್ಮವನೇ ಅಲ್ಲವೋ? ನಂಬಿದ ಮೇಲೆ ಮತ್ತೆ ನೋಡುವದು ಅವನಿಗೆ ಅವಮಾನವಲ್ಲವೋ?” ಎಂದು ತಡೆಯುತ್ತಾನೆ. ಈ ಮಾತು ಸರಿಯೋ ಎಂಬದನ್ನು ವಿಚಾರಿಸೋಣ.

ನಂಬಿಕೆ ಬೇರೆ, ಅಜಾಗ್ರತೆ ಬೇರೆ. ಮಾತಾದ ದಿವಸದ ಮನೆಯೇ ಇಂದಿಗೂ ಇದೆಯೆಂದು ಹೇಳಕೂಡದು. ನಡುವೆ ಮಳೆ ಸುರಿದು ಗೋಡೆ ಕುಸಿದಿರಬಹುದು. ಗೆದ್ದಲು ತೊಲೆಯ ಒಳಗನ್ನು ತಿಂದದ್ದು ಮಾರುವವನಿಗೂ ತಿಳಿಯದೆ ಇರಬಹುದು. ತೊಲೆಯನ್ನು ತಟ್ಟಿ ನೋಡುವವನು ಮರವನ್ನು ಪರೀಕ್ಷಿಸುತ್ತಾನೆಯೇ ಹೊರತು ಮನುಷ್ಯನನ್ನು ಅವಮಾನಿಸುವದಿಲ್ಲ. ಆದದರಿಂದ ಅವನು ಹಗಲು ಬೆಳಕಿನಲ್ಲಿ, ಮಾರುವವನನ್ನು ಸಂಗಡ ಕರಕೊಂಡು ಹೋಗಲಿ. ಒಂದೇ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರೆ ಅದರ ಕಾರಣವನ್ನು ಕೇಳಲಿ. ಬಾವಿಯ ನೀರನ್ನೂ ಹಿತ್ತಲಿನ ಮೇರೆಯನ್ನೂ ನೋಡಲಿ.

ದೇಶದ ಕಾಯಿದೆಯೂ ಈ ಭಾರವನ್ನು ಇಬ್ಬರಿಗೂ ಹಂಚಿದೆ. 1882ರ ಸ್ವತ್ತು ಹಸ್ತಾಂತರ ಕಾಯಿದೆಯ 55ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮಾರುವವನು ತನಗೆ ತಿಳಿದಿರುವ ದೊಡ್ಡ ದೋಷವನ್ನು ಹೇಳಲೇ ಬೇಕು. ಆದರೆ ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ತಾನೇ ಕಾಣಬಹುದಾದ ದೋಷಕ್ಕೆ ಈ ಕಟ್ಟು ಇಲ್ಲ. ಒಡೆತನವು ಕೈ ಬದಲಾದ ಮೇಲೆ, ಮಾರುವವನ ತಪ್ಪಿಲ್ಲದೆ ಆಗುವ ನಷ್ಟವನ್ನು ಕೊಂಡವನೇ ಹೊರಬೇಕು. ಹೀಗಿರಲಾಗಿ ಕಡೇ ನೋಟವು ಅವನ ಕರ್ತವ್ಯವೇ ಆಗಿದೆ.

ಮಾರುವವನು ಸುಮ್ಮನಿದ್ದರೆ ಅದು ಸುಳ್ಳಾಗುವದೋ? ಈ ಪ್ರಶ್ನೆ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಎಂಬ ಪಂಡಿತನು ಕರ್ತವ್ಯಗಳ ಕುರಿತು ಬರೆದಾಗ ಇಂಥ ಮನೆಯ ಉದಾಹರಣೆಯನ್ನೇ ಕೊಟ್ಟನು: ಹಾವುಗಳು ಬರುವ, ಮರ ಕೆಟ್ಟಿರುವ ಮನೆಯೆಂದು ಯಜಮಾನನಿಗೆ ಮಾತ್ರ ಗೊತ್ತು. ದಿಯೊಗೆನೇಸನ ಪಕ್ಷವು, ಯಾರೂ ಬಲವಂತ ಮಾಡಲಿಲ್ಲವಾದದರಿಂದ ಹೇಳಬೇಕಾಗಿಲ್ಲ ಎನ್ನುತ್ತದೆ. ಅಂತಿಪಾತ್ರನ ಪಕ್ಷವು, ಇದು ದಾರಿ ತಪ್ಪಿದವನಿಗೆ ದಾರಿ ತೋರಿಸದೆ ಇರುವದಕ್ಕಿಂತಲೂ ಕೆಟ್ಟದ್ದು ಎನ್ನುತ್ತದೆ. ಮಾರುವವನು ಮರೆಮಾಡಬಾರದೆಂದೇ ಸಿಸೆರೋ ತೀರ್ಮಾನಿಸಿದನು.

ಆದರೆ ಕೊಳ್ಳುವವನ ಕಣ್ಣೂ ನಿರ್ಮಲವಾಗಿರಬೇಕು. ಕೆಲವರು ಮೊದಲ ದಿನವೇ ಕಂಡ ಬಿರುಕನ್ನು ಬೇಕೆಂದು ಬಚ್ಚಿಟ್ಟು, ಮಾರುವವನು ಮುಂಗಡದಿಂದ ಸಾಲ ತೀರಿಸಿ ಹಿಂದೆಗೆಯಲಾರದ ಹೊತ್ತಿನಲ್ಲಿ ಅದನ್ನು ತೋರಿಸಿ ಕ್ರಯವನ್ನು ತಗ್ಗಿಸುತ್ತಾರೆ. ಇದು ಎಚ್ಚರಿಕೆಯಲ್ಲ, ಹಿಂಸೆ. ಹೊಸದಾಗಿ ಕಂಡದ್ದನ್ನು ನ್ಯಾಯವಾಗಿ ಮಾತಾಡಬಹುದು. ಮೊದಲೇ ಅರಿತು ಒಪ್ಪಿದ್ದನ್ನು ಈಗ ಆಯುಧವಾಗಿ ಹಿಡಿಯಬಾರದು. ಹಾಗೆಯೇ ಮಾರುವವನಿಗೆ ತಿಳಿಯದೆ ಅವನ ಪಾಲು ಹೆಚ್ಚಾಗಿದ್ದು, ಅದರಿಂದ ಮನೆಯ ಬೆಲೆಯೂ ಹೆಚ್ಚುವದಾದರೆ, ತಿಳಿದ ಕೊಳ್ಳುವವನು ಅದನ್ನು ಹೇಳಬೇಕೆಂದು ಅದೇ ಕಲಮು ವಿಧಿಸುತ್ತದೆ.

ಇನ್ನೊಂದು ಮಾತು ಎಲ್ಲಕ್ಕಿಂತಲೂ ಮುಖ್ಯ. ಹಿಂಭಾಗದ ಕೋಣೆಯಲ್ಲಿ ಒಲೆ ಹೊತ್ತಿಸಿಕೊಂಡು ಒಬ್ಬ ಮುದುಕಿ ಕೂತಿದ್ದಾಳೆ. ಮಾರುವವನು, “ಅವಳು ನಮ್ಮ ಚಿಕ್ಕಮ್ಮ, ಹೋಗುವಳು” ಎನ್ನುತ್ತಾನೆ. ಋಣಭಾರ ಪತ್ರದಲ್ಲಿ ಅವಳ ಹೆಸರಿಲ್ಲ. ಆ ಪತ್ರವು ನೋಂದಾಯಿಸಿದ ವ್ಯವಹಾರಗಳನ್ನು ಮಾತ್ರ ತೋರಿಸುವದು. ಆದರೆ 1929ರ ತಿದ್ದುಪಡಿಯ ಪ್ರಕಾರ, ಸ್ವತ್ತಿನಲ್ಲಿ ನಿಜವಾಗಿ ಇರುವವರಿಗೆ ಹಕ್ಕಿದ್ದರೆ ಕೊಳ್ಳುವವನಿಗೆ ಅದು ತಿಳಿದೇ ಇತ್ತೆಂದು ಎಣಿಸಲಾಗುವದು. ನೋಡದೆ ಇದ್ದವನು ನನಗೆ ಗೊತ್ತಿರಲಿಲ್ಲವೆಂದು ತಪ್ಪಿಸಿಕೊಳ್ಳಲಾರನು. ಅವಳಿಗೆ ಹಕ್ಕು ಇರಲಿ ಇಲ್ಲದಿರಲಿ, “ಅಮ್ಮಾ, ನೀನು ಎಲ್ಲಿಗೆ ಹೋಗುತ್ತೀ?” ಎಂದು ಅವಳನ್ನೇ ಕೇಳದೆ ರುಜು ಹಾಕುವವನು ಮರದ ಗೆದ್ದಲನ್ನು ಕಂಡು ಮನುಷ್ಯರ ಕಣ್ಣೀರನ್ನು ಕಾಣದೆ ಹೋದನು.

ಆ ನೆರೆಯವನಿಗೆ ಕೊಡತಕ್ಕ ಉತ್ತರವು ಇದೇ: ನೋಡುವದು ಅವಮಾನವಲ್ಲ. ನಮ್ಮ ನಷ್ಟವನ್ನು ಮಾತ್ರ ನೋಡಿ ಬರುವದೇ ಕೊರತೆ. ಪ್ರಿಯರೇ, ಮನೆ ಕೊಳ್ಳುವ ಕಾಲವು ನಿಮಗೆ ಒದಗಿದರೆ ಒಂದು ದಿವಸ ತಡವಾದರೂ ಚಿಂತೆಯಿಲ್ಲ. ತೊಲೆಯನ್ನು ತಟ್ಟಿರಿ, ಹಿಂಭಾಗದ ಕೋಣೆಯ ಬಾಗಿಲನ್ನೂ ತಟ್ಟಿರಿ.