ಇನ್ನೊಬ್ಬರ ಮಗುವಿನ ಸೀಟು

ನಮ್ಮೂರಿನ ಶಾಲೆಗೆ ನನ್ನನ್ನು ಸೇರಿಸಿದಾಗ ಇದ್ದದ್ದು ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ನನ್ನ ಬೆರಳು ಕಿವಿಯ ತನಕ ಹೋಗಲಿಲ್ಲ. ಹೆಡ್ ಮಾಸ್ತರರು ನಕ್ಕು, 'ಇರಲಿ ಬಿಡಿ, ಮನೇಲಿದ್ದು ಏನು ಮಾಡ್ತಾನೆ' ಎಂದು ರಿಜಿಸ್ಟರಿನಲ್ಲಿ ನನ್ನ ಹುಟ್ಟಿದ ದಿನವನ್ನು ಜೂನ್ 1 ಎಂದು ಬರೆದುಕೊಂಡರು. ಹೀಗೆ ಒಂದೇ ಗಳಿಗೆಯಲ್ಲಿ ಹತ್ತು ತಿಂಗಳು ದೊಡ್ಡವನಾದೆ. ಬ್ಯಾಂಕಿನಿಂದ ನಿವೃತ್ತನಾಗುವಾಗ ಆ ಹತ್ತು ತಿಂಗಳ ಸಂಬಳ ಹೋಯಿತು. ಆ ಸುಳ್ಳಿನ ಸಾಲ ತೀರಿಸಿದವನು ನಾನೇ, ಬೇರೆ ಯಾರೂ ಅಲ್ಲ.

ಇದೆಲ್ಲ ನೆನಪಾದದ್ದು ದೆಹಲಿಯ ದ್ವಾರಕಾದಲ್ಲಿ, ಮೊಮ್ಮಗಳ ನರ್ಸರಿ ಸೀಟಿಗಾಗಿ ಅಲೆಯುವಾಗ. ಊರಿನ ಓದುಗರಿಗೆ ಇಲ್ಲಿನ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಖಾಸಗಿ ಶಾಲೆಗಳು ನೂರು ಅಂಕಗಳ ಒಂದು ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತವೆ. ಮನೆ ಹತ್ತಿರವಿದ್ದರೆ ಇಷ್ಟು, ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ಇಷ್ಟು, ತಂದೆತಾಯಿ ಅಲ್ಲೇ ಓದಿದ್ದರೆ ಇಷ್ಟು. ಅಂಕ ಸಮವಾದರೆ ಎಲ್ಲರೆದುರು ಚೀಟಿ ಎತ್ತುತ್ತಾರೆ. ಮೊದಲ ಪಟ್ಟಿ ಬಂದ ಮೇಲೆ ಅಂಕದ ಬಗ್ಗೆ ತಕರಾರಿದ್ದರೆ ಹೇಳಿಕೊಳ್ಳಲು ಕೆಲವು ದಿನಗಳ ಅವಕಾಶವೂ ಉಂಟು.

ಪಟ್ಟಿಯಲ್ಲಿ ನಮ್ಮ ಪುಟ್ಟಿಯ ಹೆಸರಿರಲಿಲ್ಲ. ನೋಡಿದರೆ ಹತ್ತು ಅಂಕ ಕಡಿಮೆ. ನಮ್ಮ ಸೆಕ್ಟರ್ 6 ಅನ್ನು ಗುಮಾಸ್ತರು 16 ಎಂದು ಓದಿ ಮನೆಯನ್ನು ದೂರ ಮಾಡಿಬಿಟ್ಟಿದ್ದರು. ನಾನು ಅರ್ಜಿ ಬರೆಯಲು ಕೂತೆ. ಆಗಲೇ ಪರಿಚಯದವರೊಬ್ಬರು ಇನ್ನೊಂದು ದಾರಿ ತೋರಿಸಿದರು. ಇದಕ್ಕಿಂತ ದೊಡ್ಡ ಹೆಸರಿನ ಶಾಲೆಯೊಂದರ ಪಕ್ಕದಲ್ಲಿ ಅವರ ಫ್ಲಾಟಿದೆ, ಅದರ ವಿಳಾಸಕ್ಕೆ ಹಿಂದಿನ ತಾರೀಕಿನ ಬಾಡಿಗೆ ಕರಾರು ಮಾಡಿಕೊಡುತ್ತಾರಂತೆ. ಅಲ್ಲಿಯ ಕಚೇರಿಯಲ್ಲಿ ಅವರಿಗೆ ಗುರುತಿನವರಿದ್ದಾರಂತೆ, 'ವಿಳಾಸ ತಪ್ಪಾಗಿದೆ' ಎಂದು ತಕರಾರು ಹಾಕಿದರೆ ಸಾಕಂತೆ.

ನಾನು ಒಲ್ಲೆ ಎಂದಾಗ ಸೊಸೆಗೆ ಬೇಸರವಾಯಿತು. 'ಮಾವ, ಎಲ್ಲರೂ ಮಾಡ್ತಾರೆ. ನಾವೊಬ್ಬರೇ ಸತ್ಯವಂತರಾದರೆ ನಷ್ಟ ಪುಟ್ಟಿಗೆ ತಾನೇ?' ಅವಳ ಮಾತಿನಲ್ಲಿ ಹುರುಳಿತ್ತು. ನನ್ನ ತತ್ವಕ್ಕೆ ಮೂರು ವರ್ಷದ ಮಗು ಯಾಕೆ ಬೆಲೆ ತೆರಬೇಕು? ನನ್ನ ಶಾಲಾ ದಾಖಲೆಯ ಮೊದಲ ಸಾಲೇ ಸುಳ್ಳು, ನಾನೇನು ಹರಿಶ್ಚಂದ್ರನೇ?

ಆದರೆ ನಮ್ಮೂರ ಶಾಲೆಯಲ್ಲಿ ಬಂದವರಿಗೆಲ್ಲ ಜಾಗವಿತ್ತು. ನಾನು ಕೂತದ್ದರಿಂದ ಯಾರೂ ಏಳಬೇಕಾಗಲಿಲ್ಲ. ಇಲ್ಲಿ ಸೀಟು ಎಣಿಸಿಟ್ಟದ್ದು. ಇಲ್ಲಿ ಅದೇ ಸುಳ್ಳಿನ ಸಾಲವನ್ನು ಹೆಸರೂ ಗೊತ್ತಿಲ್ಲದ ಇನ್ನೊಂದು ಮಗು ತೀರಿಸುತ್ತದೆ.

ಇದನ್ನು ದೆಹಲಿ ಒಮ್ಮೆ ಕಣ್ಣಾರೆ ಕಂಡಿದೆ. 2014ರ ಪ್ರವೇಶಕ್ಕೆ ಲೆಫ್ಟಿನೆಂಟ್ ಗವರ್ನರ್ ತಂದ ನಿಯಮದಲ್ಲಿ ನೆರೆಹೊರೆಗೆ 70 ಅಂಕ, ಒಡಹುಟ್ಟಿದವರಿಗೆ 20, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ 5, ಬೇರೆ ರಾಜ್ಯದಿಂದ ವರ್ಗವಾಗಿ ಬಂದವರಿಗೆ 5 ಇತ್ತು. ನಮ್ಮಂಥ ವರ್ಗಾವಣೆಯ ಜೀವಿಗಳಿಗೆ ಆ ಐದು ಅಂಕ ದೊಡ್ಡದು. ಆದರೆ ಅದು ದುರುಪಯೋಗವಾಗುತ್ತಿದೆ ಎಂಬ ದೂರುಗಳೆದ್ದು, ಫೆಬ್ರವರಿಯಲ್ಲಿ ಆ ಅಂಕವನ್ನೇ ತೆಗೆದುಹಾಕಿದರು. ನಿಜವಾಗಿ ವರ್ಗವಾಗಿ ಬಂದ ಕುಟುಂಬಗಳು ಕೋರ್ಟಿನ ಮೆಟ್ಟಿಲೇರಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಹೈಕೋರ್ಟು ಇಡೀ ನಿಯಮವನ್ನೇ ರದ್ದು ಮಾಡಿತು. ಸುಳ್ಳು ಕಾಗದ ಕೊಟ್ಟವರು ಎಷ್ಟು ಮಂದಿಯೋ, ಪೆಟ್ಟು ಬಿದ್ದದ್ದು ನಿಜ ಕಾಗದದವರಿಗೂ.

ನಾನು ಇದ್ದದ್ದನ್ನಷ್ಟೇ ಬರೆದು, ವಿದ್ಯುತ್ ಬಿಲ್ಲಿನ ನಕಲು ಸೇರಿಸಿ ಕೊಟ್ಟೆ. ಅಂಕ ಸರಿಯಾಯಿತು. ಉಳಿದ ಆರು ಸೀಟಿಗೆ ಸಮ ಅಂಕದವರು ಹನ್ನೊಂದು ಮಂದಿ ಇದ್ದರು, ನಾವು ಹನ್ನೆರಡನೆಯವರಾದೆವು. ಚೀಟಿ ಎತ್ತುವ ದಿನ ಪಕ್ಕದ ಕುರ್ಚಿಯಲ್ಲಿ ಗಢವಾಲದ ಕಡೆಯ ಒಬ್ಬ ತಂದೆ, ತೊಡೆಯ ಮೇಲೆ ನಿದ್ದೆ ಹೋದ ಮಗ. 'ಹನ್ನೊಂದು ಅಂದಿದ್ದರು, ಹನ್ನೆರಡು ಹೇಗಾಯಿತು ಅಂಕಲ್?' ಎಂದು ಹಿಂದಿಯಲ್ಲಿ ಕೇಳಿದ. ನನ್ನ ಎದೆ ಧಸಕ್ಕೆಂದಿತು. 'ಹನ್ನೆರಡನೆಯದು ನಮ್ಮದೇ' ಎಂದು ಅರ್ಜಿಯ ನಕಲನ್ನು ಅವನ ಕೈಗಿಟ್ಟೆ. ನಿಧಾನವಾಗಿ ಓದಿ, 'ಸರಿಯಾಗಿಯೇ ಇದೆ' ಎಂದು ಮಡಿಸಿ ಹಿಂದಕ್ಕೆ ಕೊಟ್ಟ.

ಚೀಟಿ ನಮ್ಮದು ಬಂತು, ಅವನದು ಬರಲಿಲ್ಲ. ಏಳುವಾಗ ಮಗನನ್ನು ಹೆಗಲಿಗೆ ಹಾಕಿಕೊಂಡು 'ಮಗುವಿಗೆ ಒಳ್ಳೆಯದಾಗಲಿ' ಎಂದ. ನನಗೆ ತಿರುಗಿ ಏನು ಹೇಳಬೇಕೋ ತೋಚಲಿಲ್ಲ.

ನ್ಯಾಯವಾದ ಅರ್ಜಿಯೂ ಯಾರದೋ ಪಾಲಿನಿಂದ ಸ್ವಲ್ಪ ಕಡಿಯುತ್ತದೆ. ಆ ಕಸಿವಿಸಿ ನನಗೆ ಇವತ್ತಿಗೂ ಹೋಗಿಲ್ಲ, ಹೋಗಬಾರದು ಅಂತಲೂ ಅನಿಸುತ್ತದೆ. ಹಾಗೆಂದು ಅರ್ಜಿ ಹಾಕದೆ ಸುಮ್ಮನಿರಬೇಕಿತ್ತು ಎಂದಲ್ಲ. ಹಾಗಿದ್ದರೆ ಗುಮಾಸ್ತರ ತಪ್ಪಿಗೆ ಪುಟ್ಟಿ ದಂಡ ತೆರುತ್ತಿದ್ದಳು. ನಾನು ಕಂಡುಕೊಂಡ ಅಳತೆ ಇಷ್ಟೇ: ನನ್ನ ಅರ್ಜಿಯಿಂದ ಕಳೆದುಕೊಳ್ಳುವವನ ಕೈಗೇ ಅದನ್ನು ಓದಲು ಕೊಡಬಲ್ಲೆನೇ? ಸೆಕ್ಟರ್ 6ರ ಅರ್ಜಿಯನ್ನು ಕೊಟ್ಟೆ. ಆ ಬಾಡಿಗೆ ಕರಾರಾಗಿದ್ದರೆ ಜೇಬಿನಲ್ಲೇ ಬಚ್ಚಿಟ್ಟುಕೊಂಡು ಕೂರಬೇಕಾಗುತ್ತಿತ್ತು.

ನನ್ನ ದಾಖಲೆಯಲ್ಲಿ ಈಗಲೂ ಹುಟ್ಟಿದ ದಿನ ಜೂನ್ 1. ಪುಟ್ಟಿಯ ಫಾರಂನಲ್ಲಿ ಬರೆದದ್ದೆಲ್ಲ ಇದ್ದದ್ದೇ.