ಅನ್ಯರ ಪಂಕ್ತಿ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಕೇಳದ ಮನೆ ಕನ್ನಡನಾಡಿನಲ್ಲಿ ವಿರಳ. ಉಡುವುದನ್ನು ನಾಲ್ವರು ಮೆಚ್ಚುವಂತೆ ಉಡಬೇಕು, ಉಣ್ಣುವುದನ್ನು ತನ್ನ ನಾಲಗೆಗೂ ಒಡಲಿಗೂ ಒಗ್ಗುವಂತೆ ಉಣ್ಣಬೇಕು ಎಂಬುದು ಅದರ ಸಾಮಾನ್ಯಾರ್ಥ. ಆದರೆ ಇದು ತನ್ನ ಮನೆಯಲ್ಲಿ ತನ್ನ ಎಲೆಯ ಮುಂದೆ ಕುಳಿತವನಿಗೆ ಹೇಳಿದ ಮಾತು. ಅನ್ಯರ ಪಂಕ್ತಿಯಲ್ಲಿ ಕುಳಿತು, ಅನ್ಯರು ಆದರದಿಂದ ಬಡಿಸಿದುದನ್ನು ಉಣ್ಣುವವನ ಇಚ್ಛೆಯು ಎಷ್ಟರಮಟ್ಟಿಗೆ ಅವನದಾಗಿ ಉಳಿದೀತು? ಬಡಿಸಿದವನ ಮನಸ್ಸನ್ನು ನೋಯಿಸದಿರುವುದು ಧರ್ಮವೋ, ತಾನು ಹಿಡಿದ ವ್ರತವನ್ನು ಕಾಪಾಡಿಕೊಳ್ಳುವುದು ಧರ್ಮವೋ? ಎರಡೂ ಧರ್ಮವೇ ಆಗಿದ್ದು, ಒಂದೇ ಬಟ್ಟಲಿನಲ್ಲಿ ಎರಡೂ ಎದುರುಬದುರಾದರೆ ಮಾಡುವುದೇನು? ಈ ಪ್ರಶ್ನೆಯೇ ಪ್ರಸ್ತುತ ವಿಚಾರ.

ಪ್ರಶ್ನೆಯು ಹಳೆಯದಾದರೂ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯ ಮನೆಗಳಿಗೆ ಇದು ಹೊಸ ವೇಷದಲ್ಲಿ ಬಂದಿದೆ. ಒಂದು ಕಾಲದಲ್ಲಿ ಜಪಾನು ಈ ಸೀಮೆಗೆ ಬಹು ದೂರದ ದೇಶವಾಗಿತ್ತು. ಮುಂದೆ ಕನ್ನಂಬಾಡಿಯ ಕಟ್ಟೆಯೊಡನೆ ಹೆಸರು ಬೆಸೆದುಕೊಂಡ ವಿಶ್ವೇಶ್ವರಯ್ಯನವರು 1898ರಲ್ಲಿ ಆ ದೇಶವನ್ನು ಕಂಡುಬಂದುದು ದೊಡ್ಡ ವಿಶೇಷವೆನಿಸಿತ್ತು. ಈಗ ಹಾಗಿಲ್ಲ. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರು ಸಂಸ್ಥೆಯು ಮೈಸೂರು ರಸ್ತೆಯ ಬಿಡದಿಯಲ್ಲಿ 1999ರ ಕೊನೆಗೆ ವಾಹನಗಳನ್ನು ತಯಾರಿಸತೊಡಗಿತು. ಇಂಥ ಉದ್ಯಮಗಳ ನಿಮಿತ್ತವಾಗಿ ಜಪಾನೀಯರ ಸಂಸಾರಗಳು ಬೆಂಗಳೂರಿನಲ್ಲಿ ನೆಲೆಸಿದುವು. ಅವರ ರುಚಿಗೆ ಅಡಿಗೆ ಮಾಡುವ ಭೋಜನಶಾಲೆಗಳೂ ಆ ನಗರದಲ್ಲಿ ಎದ್ದುವು. ಈ ನಾಲ್ಕು ತಾಲ್ಲೂಕುಗಳಿಂದ ಹೋಗಿ ರಾಜಧಾನಿಯಲ್ಲಿ ದುಡಿಯುವ ತರುಣರು ಒಂದಲ್ಲ ಒಂದು ದಿನ ಅಂಥ ಭೋಜನಶಾಲೆಯ ಹೊಸ್ತಿಲನ್ನು ತುಳಿಯುವುದು ಇಂದು ಆಶ್ಚರ್ಯವಲ್ಲ.

ಆ ಊಟದ ರೀತಿಯೇ ಬೇರೆ. ಅಲ್ಲಿ ಬಾಳೆಯೆಲೆಯಿಲ್ಲ, ಒಂದೊಂದು ಪದಾರ್ಥಕ್ಕೆ ಒಂದೊಂದು ಪುಟ್ಟ ಬಟ್ಟಲು ಅಥವಾ ತಟ್ಟೆ. ಕೈಬೆರಳಿಗೆ ಬದಲಾಗಿ ಎರಡು ಕಡ್ಡಿಗಳು. ಆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಅದು ಸತ್ತವರ ಮುಂದೆ ಇಡುವ ಅನ್ನದ ಗುರುತು. ಶುಭಾಶುಭಗಳ ಎಣಿಕೆಯು ಈ ಸೀಮೆಯ ಎಲೆಗೆ ಮಾತ್ರ ಮೀಸಲಲ್ಲವೆಂಬುದು ಇದರಿಂದ ತಿಳಿಯುತ್ತದೆ. ಉಣ್ಣುವ ಮುನ್ನ ಅವರು 'ಇತದಕಿಮಸು' ಎನ್ನುತ್ತಾರೆ. ತಲೆಬಾಗಿ ಸ್ವೀಕರಿಸುತ್ತೇನೆ ಎಂಬುದು ಅದರ ಭಾವ. ಉಂಡಮೇಲೆ ಹೇಳುವ 'ಗೊಚಿಸೋಸಮ' ಎಂಬ ಮಾತಿನೊಳಗೆ ಓಡಾಟವೆಂಬ ಅರ್ಥ ಅಡಗಿದೆ. ಈ ಊಟವನ್ನು ಒದಗಿಸಲು ಯಾರು ಯಾರೋ ಓಡಾಡಿದರಲ್ಲ, ಅವರಿಗೆ ಅದು ನಮಸ್ಕಾರ. ಅನ್ನದಾತನನ್ನು ಹರಸಿ ಏಳುವ ಕನ್ನಡಿಗನಿಗೆ ಈ ಮಾತು ಪರಕೀಯವೆನಿಸಲಾರದು.

ಈಗ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ನಾಗಮಂಗಲದ ಕಡೆಯ ತರುಣನೊಬ್ಬನು ಹುಟ್ಟಿನಿಂದ ಶಾಕಾಹಾರಿ. ಅವನ ಮೇಲಧಿಕಾರಿಯಾದ ಜಪಾನೀಯ ಹಿರಿಯರೊಬ್ಬರು ಅವನ ಕೆಲಸಕ್ಕೆ ಮೆಚ್ಚಿ, ತಮ್ಮ ದೇಶದ ಊಟಕ್ಕೆಂದು ಅವನನ್ನು ಕರೆದೊಯ್ಯುತ್ತಾರೆ. ಅವನು ಮಾಂಸ ಮುಟ್ಟುವವನಲ್ಲವೆಂದು ಅವರು ಬಲ್ಲರು. ಅದಕ್ಕೆ ತಕ್ಕಂತೆಯೇ ತರಕಾರಿಯ ಪದಾರ್ಥಗಳನ್ನು ಹೇಳಿ ತರಿಸುತ್ತಾರೆ. ಮೊದಲು ಬಂದುದು 'ಮಿಸೊ' ಎಂಬ, ಹುದುಗಿಸಿದ ಸೋಯಾ ಕಾಳಿನ ಬಿಸಿ ಸಾರು. ಅರ್ಧ ಕುಡಿದಮೇಲೆ, ಮಾತಿನ ನಡುವೆ, ಆ ಸಾರಿನ ಮೂಲದ್ರವವು ಮೀನಿನಿಂದ ಬಂದುದೆಂದು ತಿಳಿಯುತ್ತದೆ. ಬಟ್ಟಲು ಕೈಯಲ್ಲಿದೆ, ಎದುರಿಗೆ ಹಿರಿಯರ ನಗುಮೊಗವಿದೆ. ಅವನು ಏನು ಮಾಡಬೇಕು?

ಅವನ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಮೌನ: ಏನೂ ಆಗಿಲ್ಲವೆಂಬಂತೆ ಉಳಿದುದನ್ನೂ ಕುಡಿದುಬಿಡುವುದು. ಇದನ್ನು ಸೌಜನ್ಯವೆಂದು ಕರೆಯುವವರು ಅನೇಕರು. ವಿಚಾರಿಸಿ ನೋಡಿದರೆ ಇದರಲ್ಲಿ ಸೌಜನ್ಯಕ್ಕಿಂತ ಅಂಜಿಕೆಯೇ ಹೆಚ್ಚು. ಅತಿಥೇಯನು ಉಣಿಸಬಯಸಿದುದು ತನ್ನೆದುರು ಕುಳಿತ ಮನುಷ್ಯನಿಗೆ. ಆ ಮನುಷ್ಯನು ತನ್ನನ್ನೇ ಮರೆಮಾಡಿಕೊಂಡರೆ, ಉಂಡದ್ದು ಅವನ ವೇಷವೇ ಹೊರತು ಅವನಲ್ಲ. ಇದಲ್ಲದೆ, ಹೀಗೆ ಮರೆಮಾಚಿದುದು ಮುಂದೆಂದಾದರೂ ಹೊರಬೀಳದಿರದು. ಆಗ ಆ ಹಿರಿಯರಿಗೆ ಆಗುವ ನೋವು, ಇಂದು ಆಗಬಹುದಾದ ಮುಜುಗರಕ್ಕಿಂತ ಹಲವು ಪಾಲು ದೊಡ್ಡದು. ತಿಳಿಯದೆ ಒಬ್ಬನ ವ್ರತವನ್ನು ಕೆಡಿಸಿದೆನಲ್ಲಾ ಎಂಬ ಭಾರವನ್ನು ಅವರು ಹೊರಬೇಕಾಗುತ್ತದೆ.

ಎರಡನೆಯ ದಾರಿ ರೋಷ: ಬಟ್ಟಲನ್ನು ನೂಕಿ, ಮೋಸವಾಯಿತೆಂದು ಕೂಗಿ, ಎದ್ದು ಹೋಗುವುದು. ಇದನ್ನು ವ್ರತನಿಷ್ಠೆಯೆಂದು ಭಾವಿಸುವವರಿದ್ದಾರೆ. ಆದರೆ ಮೋಸವೆಂಬ ಮಾತಿಗೆ ಮೋಸಮಾಡುವ ಮನಸ್ಸು ಬೇಕು. ಇಲ್ಲಿ ಅದು ಇಲ್ಲ. ಆ ದೇಶದ ಚರಿತ್ರೆಯನ್ನು ತುಸು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೌದ್ಧಮತವು ಅಲ್ಲಿ ನೆಲೆಗೊಂಡ ಕಾಲದಲ್ಲಿ, ಕ್ರಿ.ಶ. 675ರಲ್ಲಿ, ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ತಿನ್ನಕೂಡದೆಂದು ಆಜ್ಞೆ ಮಾಡಿದನು. ಮೀನು ಆ ಪಟ್ಟಿಯಲ್ಲಿರಲಿಲ್ಲ. ಅನಂತರದ ಶತಮಾನಗಳಲ್ಲಿ ಮಾಂಸಭಕ್ಷಣದ ಮೇಲೆ ಹಲವು ನಿಷೇಧಗಳು ಬಂದು, 1872ರಲ್ಲಿ ಮೇಜಿ ಚಕ್ರವರ್ತಿಯು ದನದ ಮಾಂಸವನ್ನು ತಿಂದನೆಂಬ ಸುದ್ದಿ ಬಹಿರಂಗವಾದಮೇಲೆ ಆ ಹಳೆಯ ಕಟ್ಟು ಸಡಿಲಿತು. ಈ ದೀರ್ಘಕಾಲವೆಲ್ಲ ಆ ದ್ವೀಪವಾಸಿಗಳಿಗೆ ಮೀನು ಬೇರೆ, ಮಾಂಸ ಬೇರೆ. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಗಿಟ್ಟು, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿ, ಅದರ ಹೆರಕಲನ್ನು ಕೊಂಬು ಎಂಬ ಕಡಲಪಾಚಿಯ ಜೊತೆಗೆ ಬಿಸಿನೀರಿಗೆ ಹಾಕಿ ಸೋಸಿದ 'ದಾಶಿ' ಅವರ ಅಡಿಗೆಗೆ ಬುನಾದಿ. ಸೋಸಿದಮೇಲೆ ಬಟ್ಟಲಿನಲ್ಲಿ ಮೀನಿನ ತುಣುಕೂ ಕಾಣದು. ಹೀಗಿರುವಲ್ಲಿ, ಮಾಂಸವಿಲ್ಲ ಎಂದು ಅವರು ಹೇಳಿದುದು ಅವರ ಭಾಷೆಯಲ್ಲಿ ನಿಜವೇ. ಆ ಮಾತಿನ ಎಲ್ಲೆಯು ಮಾತ್ರ ನಾಗಮಂಗಲದ ಎಲ್ಲೆಯಾಗಿರಲಿಲ್ಲ.

ಇಲ್ಲೊಂದು ಆಕ್ಷೇಪವು ಬರಬಹುದು. ತಿಳಿಯದೆ ತಿಂದುದಕ್ಕೆ ದೋಷವೇ ಇಲ್ಲವೆಂದಮೇಲೆ ಕೇಳುವ ಗೊಡವೆಯಾದರೂ ಏಕೆ? ಬೌದ್ಧ ಭಿಕ್ಷುಗಳಿಗೆ ಹಿಂದೆ ಒಂದು ನಿಯಮವಿತ್ತು: ತನಗಾಗಿ ಪ್ರಾಣಿಯನ್ನು ಕೊಂದುದನ್ನು ಕಾಣದೆ, ಕೇಳದೆ, ಶಂಕಿಸದೆ ಇದ್ದರೆ, ಭಿಕ್ಷಾಪಾತ್ರೆಗೆ ಬಿದ್ದುದನ್ನು ಅವನು ಸ್ವೀಕರಿಸಬಹುದಾಗಿತ್ತು. ಕಂಬದಹಳ್ಳಿಯಂಥ ಕ್ಷೇತ್ರಗಳಲ್ಲಿ ಬೇರೂರಿದ ಜೈನರ ಆಚಾರವು ಇದಕ್ಕಿಂತ ಕಠಿಣ. ಅವರಿಗೆ ಯಾರಿಗಾಗಿ ಕೊಂದುದೆಂಬ ವಿನಾಯಿತಿಯೇ ಇಲ್ಲ. ಈ ಎರಡರ ತಾರತಮ್ಯವನ್ನು ಪಂಡಿತರಿಗೆ ಬಿಟ್ಟರೂ, ಒಂದು ಸಂಗತಿಯನ್ನು ಗಮನಿಸಬೇಕು. ಭಿಕ್ಷುವು ಕೇಳಲಾರದವನು, ಬಿದ್ದುದನ್ನು ಉಣ್ಣುವುದೇ ಅವನ ವ್ರತ. ಹೋಟೆಲಿಗೆ ಹೋದವನು ಕೇಳಬಲ್ಲವನು. ಕೇಳಿ, ಆರಿಸಿ, ಬೇಡವೆನ್ನಲು ಅವನಿಗೆ ಅಧಿಕಾರವಿದೆ. ಕೇಳಬಲ್ಲವನು ಕೇಳದೆ ಇರುವಾಗ ಅವನ ಅಜ್ಞಾನವು ತಾನಾಗಿ ಬಂದುದಲ್ಲ, ಅವನೇ ಇರಿಸಿಕೊಂಡುದು. ಆದಕಾರಣ ಭಿಕ್ಷುವಿನ ವಿನಾಯಿತಿಯನ್ನು ಗಿರಾಕಿಯು ಬೇಡಲಾಗದು. ಹಾಗೆಯೇ, ಕೇಳಿದವನಿಗೆ ಉಳ್ಳದನ್ನು ಉಳ್ಳಂತೆ ಹೇಳುವುದು ಬಡಿಸುವವನ ಧರ್ಮ. ಅವನು ಅರಿತೂ ಮರೆಮಾಡಿದರೆ ಆಗ ಮಾತ್ರ ಅದು ಮೋಸ.

ಹಾಗಾದರೆ ಉಳಿದುದು ಮೂರನೆಯ ದಾರಿ: ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, 'ಕ್ಷಮಿಸಬೇಕು, ನಮ್ಮ ಮನೆಯ ನಡೆಯಲ್ಲಿ ಮೀನೂ ಸೇರುವುದಿಲ್ಲ, ಇದನ್ನು ಮೊದಲೇ ತಿಳಿಸಬೇಕಾಗಿತ್ತು' ಎಂದು ನೇರವಾಗಿ, ತಗ್ಗಿದ ದನಿಯಲ್ಲಿ ಹೇಳುವುದು. ಇದರಿಂದ ಅತಿಥೇಯನ ಮುಖ ಬಾಡೀತೆಂಬ ಭಯ ಸಹಜ. ಆದರೆ ನಡೆಯಬಹುದಾದುದು ಬೇರೆ. ಆ ದೇಶದ ಮಠಗಳಲ್ಲಿ 'ಶೋಜಿನ್ ರ‍್ಯೋರಿ' ಎಂಬ ಅಡಿಗೆಯ ಸಂಪ್ರದಾಯವೊಂದುಂಟು; ಅದರಲ್ಲಿ ಮಾಂಸವೂ ಇಲ್ಲ, ಮೀನೂ ಇಲ್ಲ; ದಾಶಿಯನ್ನು ಕಡಲಪಾಚಿಯಿಂದಲೂ ಒಣಗಿದ ಅಣಬೆಯಿಂದಲೂ ಇಳಿಸುತ್ತಾರೆ. ಅದು ಬಡವಾದ ರುಚಿಯೂ ಅಲ್ಲ. 1908ರಲ್ಲಿ ಇಕೆದ ಕಿಕುನಯೆ ಎಂಬ ರಸಾಯನಶಾಸ್ತ್ರಜ್ಞನು 'ಉಮಾಮಿ' ಎಂಬ ಸವಿಯ ಮೂಲದ್ರವ್ಯವನ್ನು ಬೇರ್ಪಡಿಸಿದುದು ಆ ಕಡಲಪಾಚಿಯ ಸಾರದಿಂದಲೇ.

ಜೆನ್ ಗುರು ದೋಗೆನ್ನನು ಮಠದ ಅಡಿಗೆಯವನ ಕರ್ತವ್ಯವನ್ನು ಕುರಿತು 1237ರಲ್ಲಿ ಒಂದು ಗ್ರಂಥವನ್ನೇ ಬರೆದನು. ಅವನು ತರುಣನಾಗಿ ಚೀನಕ್ಕೆ ಹೋದಾಗ, ಹಡಗಿಗೆ ಅಣಬೆ ಕೊಳ್ಳಲು ಬಂದ ಮುದುಕ ಅಡಿಗೆಯ ಸನ್ಯಾಸಿಯೊಬ್ಬನನ್ನು, ರಾತ್ರಿ ಇಲ್ಲಿಯೇ ತಂಗಿ ಶಾಸ್ತ್ರವಿಚಾರ ಮಾಡೋಣವೆಂದು ಬೇಡಿದನಂತೆ. ಆ ಮುದುಕನು, ನಾಳೆಯ ಅಡಿಗೆಯೇ ತನ್ನ ಸಾಧನೆಯೆಂದು ಹೇಳಿ ಹೊರಟುಹೋದನಂತೆ. ಇಂಥ ಪರಂಪರೆಯಿರುವ ದೇಶದವನಿಗೆ ಅತಿಥಿಯ ನೇರವಾದ ಮಾತು ಅವಮಾನವೆನಿಸಬೇಕಾಗಿಲ್ಲ. ತನ್ನ ದೇಶದ ಇನ್ನೊಂದು ಅಡಿಗೆಮನೆಯನ್ನು ತೋರಿಸಲು ಅದು ಅವಕಾಶವಾದೀತು. ಮೌನವಾಗಿ ಕುಡಿದಿದ್ದರೆ ಆ ತರುಣನು ಆ ಬಾಗಿಲನ್ನು ಕಾಣುತ್ತಲೇ ಇರಲಿಲ್ಲ.

ಆದರೆ ವಿಚಾರವು ಇಲ್ಲಿಗೆ ಮುಗಿಯಲಿಲ್ಲ. ವ್ರತವನ್ನು ಕಾಪಾಡಿಕೊಂಡವನು ಆ ಪಂಕ್ತಿಯಲ್ಲಿಯೇ ಮತ್ತೊಂದು ಪರೀಕ್ಷೆಯನ್ನು ಎದುರಿಸಬೇಕು. ಅವನ ಪಕ್ಕದಲ್ಲಿ ಹಸಿಮೀನಿನ ತುಂಡನ್ನು ಆನಂದದಿಂದ ತಿನ್ನುವವನಿದ್ದಾನೆ. ಅದನ್ನು ಕಂಡು ಮೂಗು ಮುಚ್ಚಿಕೊಳ್ಳುವುದು, ಮುಖ ತಿರುಗಿಸುವುದು, ಹಿಂದಿನಿಂದ ಹಾಸ್ಯಮಾಡುವುದು, ಇವು ವ್ರತದ ಭಾಗವೇ? ವ್ರತವು ಹಿಡಿದವನನ್ನು ಕಟ್ಟುತ್ತದೆ. ನೆರೆಯವನನ್ನು ಅಳೆಯುವ ಕೋಲಾಗಿ ಅದನ್ನು ಯಾರೂ ಕೊಟ್ಟಿಲ್ಲ. ಈ ತಪ್ಪು ಶಾಕಾಹಾರಿಗಳದು ಮಾತ್ರವೂ ಅಲ್ಲ. ಕೃಷ್ಣರಾಜಪೇಟೆಯ ಕಡೆಯ ಒಕ್ಕಲ ಮನೆಯಲ್ಲಿ ಮುದ್ದೆಯ ಜೊತೆಗೆ ಕೋಳಿಸಾರನ್ನು ಸವಿದು ಬೆಳೆದವನೂ, ಹಸಿಮೀನೆಂದೊಡನೆ ಅಸಹ್ಯಪಡುವುದುಂಟು. ಅವನ ಮುದ್ದೆಯನ್ನೇ ಜಪಾನೀಯನ ಮುಂದಿಟ್ಟರೆ, ಅಗಿಯದೆ ನುಂಗುವ ಊಟವೂ ಉಂಟೇ ಎಂದು ಆತನು ಬೆರಗಾಗಬಹುದು. ಯಾರ ಎಲೆಯೂ ಪರರ ಕಣ್ಣಿಗೆ ಸಹಜವಲ್ಲ.

ಈ ಸೀಮೆಯವರಿಗೆ ಇದು ನಗುವ ಮಾತಲ್ಲ. ಎಲೆಯನ್ನು ನೋಡಿ ಮನುಷ್ಯನನ್ನು ಅಳೆದ ಪದ್ಧತಿಯು ಇಲ್ಲಿ ಬಹುಕಾಲ ನಡೆಯಿತು. ಕಾಫಿ ಹೋಟೆಲುಗಳು ಬಂದ ಮೊದಲ ದಶಕಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಎಂಬ ಏರ್ಪಾಡಿತ್ತು; ಅಸ್ಪೃಶ್ಯರೆನಿಸಿದವರಿಗೆ ಬಾಗಿಲೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಸಾರ್ವಜನಿಕ ಭೋಜನಶಾಲೆಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಕಾನೂನು ಬಾಗಿಲನ್ನು ತೆರೆಯಬಲ್ಲದು. ಪಕ್ಕದ ಎಲೆಯನ್ನು ನೋಡುವ ಕಣ್ಣನ್ನು ತಿದ್ದುವುದು ಅದರ ಕೈಲಾಗದು. ಮಾಂಸ ತಿನ್ನುವ ಮನೆಯವರೆಂಬ ಕಾರಣಕ್ಕೆ ಬಾಡಿಗೆಗೆ ಮನೆ ದೊರೆಯದೆ ಅಲೆಯುವವರು ನಗರಗಳಲ್ಲಿ ಇಂದಿಗೂ ಇದ್ದಾರೆ.

ಭಿನ್ನಾಭಿಪ್ರಾಯವಿದ್ದೂ ಪರರ ನಡೆಯನ್ನು ಗೌರವಿಸಿ ಬಾಳಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯು ಅಲ್ಲಿನ ಕ್ರೈಸ್ತರ ಯೋಗಕ್ಷೇಮಕ್ಕಾಗಿ ಬಂದನು. ಗಂಜಾಮಿನಲ್ಲಿ ಅವನ ಹೆಸರಿನೊಡನೆ ಸೇರಿದ ಚರ್ಚು ಇಂದಿಗೂ ಇದೆ. ಈ ನಾಡಿನ ಆಚಾರಗಳನ್ನು ಖಂಡಿಸುವ ಮಾತುಗಳು ಅವನ ಗ್ರಂಥದಲ್ಲಿ ಎಷ್ಟೋ ಇವೆ. ಹಾಗಿದ್ದರೂ ಅವನು ಈ ಜನರ ಉಡುಗೆಯನ್ನು ಉಟ್ಟು, ಅವರ ರೀತಿನೀತಿಗಳಿಗೆ ಹೊಂದಿಕೊಂಡು, 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೂ ಅವರ ನಡುವೆ ಬಾಳಿದನು. ತನ್ನ ಮತವನ್ನು ಅವನು ಬಿಡಲಿಲ್ಲ. ಒಪ್ಪದಿದ್ದುದನ್ನು ಒಪ್ಪಿದೆನೆಂದೂ ಹೇಳಲಿಲ್ಲ. ಆದರೆ ತನ್ನ ಇರವು ಜನರಿಗೆ ಮುಳ್ಳಾಗದಂತೆ ನೋಡಿಕೊಂಡನು.

ಗಾದೆಯ ಎರಡು ಅರ್ಧಗಳನ್ನೂ ಹೀಗೆ ಕೂಡಿಸಿ ಓದಬಹುದು. ಊಟ ತನ್ನಿಚ್ಛೆ ಎಂದಮೇಲೆ ಆ ಇಚ್ಛೆಯನ್ನು ಬಾಯಿಬಿಟ್ಟು, ಊಟಕ್ಕೆ ಮೊದಲೇ, ವಿನಯದಿಂದ ತಿಳಿಸುವ ಹೊಣೆಯೂ ತನ್ನದೇ. ನೋಟ ಪರರಿಚ್ಛೆ ಎಂಬುದನ್ನು ಉಡುಗೆಗೆ ಮಾತ್ರ ಸೀಮಿತಗೊಳಿಸದೆ, ಪರರ ಎಲೆಯ ಮೇಲೆ ಬೀಳುವ ತನ್ನ ನೋಟಕ್ಕೂ ಅನ್ವಯಿಸಿಕೊಳ್ಳಬೇಕು. ಆ ನೋಟವು ಅವರಿಗೆ ನೋವಾಗದಂಥದಾಗಿರಬೇಕು. ಮನೆಯ ಮಕ್ಕಳನ್ನು ದೂರದ ಊರಿಗೆ ಕಳುಹಿಸುವ ಹಿರಿಯರು ಏನನ್ನು ತಿನ್ನಬಾರದೆಂದು ತಪ್ಪದೆ ಹೇಳಿ ಕಳುಹಿಸುತ್ತಾರೆ. ತಿನ್ನದಿರುವುದನ್ನು ಹೇಗೆ ಹೇಳಬೇಕು, ತಿನ್ನುವವರ ಪಕ್ಕದಲ್ಲಿ ಹೇಗೆ ಕುಳಿತಿರಬೇಕು ಎಂಬುದನ್ನೂ ಅದರ ಜೊತೆಗೆ ಕಲಿಸಿದರೆ, ಆ ಮಕ್ಕಳು ಯಾವ ದೇಶದ ಪಂಕ್ತಿಯಲ್ಲಿ ಕುಳಿತರೂ ತಮ್ಮ ಮನೆಯ ಮರ್ಯಾದೆಯನ್ನು ಉಳಿಸಿಯಾರು.